ಇನ್‌ಚಾರ್ಜ್ ಸಿಸ್ಟರ್ ಯಾಕೆ ಸಿಡುಕ್ತಾರೆ? ಒಂದು ಏಣಿಯ ಚರಿತ್ರೆ

ಪೋಸ್ಟ್ ಸ್ವಲ್ಪ ಉದ್ದ ಇದೆ, ಟೈಮ್ ಮಾಡ್ಕೊಂಡು ಓದಿ.

ಇವತ್ತು ಮೇ 12, ದಾದಿಯರ ದಿನ. ಫ್ಲಾರೆನ್ಸ್ ನೈಟಿಂಗೇಲ್ ಹುಟ್ಟಿದ ದಿನ. ನಮ್ಮ ಆರ್‌ಪಿಸಿ ಲೇಔಟ್, ಅತ್ತಿಗುಪ್ಪೆ, ವಿಜಯನಗರದ ಸುತ್ತ ಇರೋ ನರ್ಸಿಂಗ್ ಹೋಮ್‌ಗಳಲ್ಲಿ ಬೆಳಿಗ್ಗೆನೇ ದೀಪ ಹಚ್ಚಿ, ಕೇಕ್ ಕತ್ತರಿಸಿ, ಫೋಟೋ ತೆಗೆದಾಗಿರುತ್ತೆ. ಸ್ಟೇಟಸ್‌ಗಳಲ್ಲಿ 'ಬಿಳಿ ಉಡುಪಿನ ದೇವತೆ' ಅನ್ನೋ ಸಾಲು ಓಡಾಡ್ತಿದೆ. ನಾನು ಬರೀಬೇಕು ಅಂತಿರೋದು ದೇವತೆಗಳ ಬಗ್ಗೆ ಅಲ್ಲ. ವಾರ್ಡ್ ಇನ್‌ಚಾರ್ಜ್, ನರ್ಸಿಂಗ್ ಸೂಪರ್‌ವೈಸರ್, ನರ್ಸಿಂಗ್ ಸೂಪರಿಂಟೆಂಡೆಂಟ್ ಅಂತ ಕರೆಸಿಕೊಳ್ಳೋ, ಎಲ್ಲರ ಬಾಯಲ್ಲೂ 'ಸಿಡುಕು ಮೇಡಂ' ಆಗಿರೋ ಹೆಣ್ಣುಮಕ್ಕಳ ಬಗ್ಗೆ.

ಯಾಕೆ ಅಂದ್ರೆ, ಆಸ್ಪತ್ರೆಯಲ್ಲಿ ನಮ್ಮ ಜನಕ್ಕೆ ಅವಮಾನ ಆದಾಗಲೆಲ್ಲ ನಾವು ಮೊದಲು ಬೈಯೋದು ಈಕೆಯನ್ನೇ. ಆಯಾ ಕೆಲಸದ ಅಕ್ಕನಿಗೆ ಬೈದವರು ಇವರೇ, ರೋಗಿ ಕಡೆಯವರನ್ನ ವಾರ್ಡ್‌ನಿಂದ ಆಚೆ ಕಳಿಸಿದವರು ಇವರೇ, ರಜೆ ಕೊಡದವರು ಇವರೇ. ಅದೆಲ್ಲ ನಿಜ ಇರಬಹುದು. ಆದ್ರೆ ಈ ಸಿಡುಕು ಎಲ್ಲಿಂದ ಹುಟ್ಟುತ್ತೆ, ಎಲ್ಲಿಗೆ ಇಳಿಯುತ್ತೆ ಅನ್ನೋದಕ್ಕೆ ಒಂದು ಚರಿತ್ರೆ ಇದೆ. ಆ ಚರಿತ್ರೆಯಲ್ಲಿ ಜಾತಿ ಇದೆ, ಬಾಬಾಸಾಹೇಬರೂ ಇದ್ದಾರೆ.

ಮೊದಲು ಒಂದು ಲೆಕ್ಕ. ಒಂದು ವಾರ್ಡ್‌ನಲ್ಲಿ ದಿನದ ಇಪ್ಪತ್ನಾಲ್ಕು ಗಂಟೆಯೂ ಒಬ್ಬ ನರ್ಸ್ ಇರಲೇಬೇಕು ಅಂದ್ರೆ ಎಷ್ಟು ಜನ ಬೇಕು? ದಿನಕ್ಕೆ 3 ಶಿಫ್ಟ್, ವಾರಕ್ಕೆ 21 ಶಿಫ್ಟ್. ಒಬ್ಬರು ವಾರಕ್ಕೆ 6 ಶಿಫ್ಟ್ ಮಾಡ್ತಾರೆ. ಅಂದ್ರೆ ಒಂದೇ ಒಂದು ಕುರ್ಚಿ ತುಂಬೋಕೆ ಮೂರೂವರೆ ಜನ ಬೇಕು. ಯಾರಿಗೂ ಜ್ವರ ಬರಬಾರದು, ಯಾರ ಮಗುಗೂ ಹುಷಾರು ತಪ್ಪಬಾರದು, ಯಾರೂ ಬಸುರಿ ಆಗಬಾರದು. ಯಾವಾಗಲೂ ಇಬ್ಬರು ನರ್ಸ್ ಇರಬೇಕಾದ ವಾರ್ಡ್‌ಗೆ ರಜೆ ಬಿಟ್ಟೇ 7 ಜನ ಬೇಕು. ಆಡಳಿತ ಕೊಟ್ಟಿರೋದು 5 ಜನ ಅಂತಿಟ್ಕೊಳ್ಳಿ. 42 ಶಿಫ್ಟ್ ತುಂಬಬೇಕು, ಇರೋದು 30. ಕಮ್ಮಿ ಬಿದ್ದ ಆ 12 ಶಿಫ್ಟನ್ನ ಪ್ರತಿ ವಾರ ಎಲ್ಲಿಂದ ತರೋದು? ರೋಸ್ಟರ್ ಬರೆಯೋಕೆ ಪೆನ್ನು ಹಿಡಿದು ಕೂತಿರೋ ಇನ್‌ಚಾರ್ಜ್ ಸಿಸ್ಟರ್‌ಗೆ ಬಿಟ್ಟು ಬೇರೆ ಯಾರಿಗೂ ಈ ಪ್ರಶ್ನೆ ಕಾಡಲ್ಲ. ಒಬ್ಬರಿಗೆ ಡಬಲ್ ಡ್ಯೂಟಿ, ಇನ್ನೊಬ್ಬರ ವಾರದ ರಜೆ ಕ್ಯಾನ್ಸಲ್, ಮಿಕ್ಕಿದ್ದಕ್ಕೆ ತಾನೇ ನಿಲ್ಲೋದು.

ರೋಸ್ಟರ್ ಅಷ್ಟೇ ಅಲ್ಲ. ಹ್ಯಾಂಡೋವರ್ ಸರಿ ಆಯ್ತಾ ನೋಡಬೇಕು. ಔಷಧಿ ಇಂಡೆಂಟ್ ಹಾಕಬೇಕು. ಬೀಗ ಹಾಕಿಡೋ ಔಷಧಿಗಳ ರಿಜಿಸ್ಟರ್ ತಾಳೆ ನೋಡಬೇಕು. ಬೆಡ್‌ಶೀಟ್ ಎಣಿಸಬೇಕು. ಆಡಿಟ್‌ನವರು ಬಂದ್ರೆ ಫೈಲ್ ತೋರಿಸಬೇಕು. ಡಾಕ್ಟರ್ ರೌಂಡ್ಸ್‌ನಲ್ಲಿ ಮಾತು ಕೇಳಬೇಕು, ಬಿಲ್ ಜಾಸ್ತಿ ಆಯ್ತು ಅಂತ ಕೂಗಾಡೋ ರೋಗಿ ಕಡೆಯವರ ಮಾತನ್ನೂ ಕೇಳಬೇಕು, ಆ ಬಿಲ್ ಹಾಕಿದ್ದು ಈಕೆ ಅಲ್ಲದೇ ಇದ್ರೂ. ಇಷ್ಟಕ್ಕೆಲ್ಲ ಜವಾಬ್ದಾರಿ ಈಕೆಯದ್ದು. ಒಬ್ಬ ನರ್ಸನ್ನ ಹೆಚ್ಚಿಗೆ ನೇಮಿಸಿಕೊಳ್ಳೋ ಅಧಿಕಾರ ಮಾತ್ರ ಈಕೆಗಿಲ್ಲ.

ಜವಾಬ್ದಾರಿ ಪೂರ್ತಿ, ಅಧಿಕಾರ ಸೊನ್ನೆ ಇರೋ ಈ ಹುದ್ದೆಯನ್ನ ಯಾರು ಕಟ್ಟಿದ್ರು?

ನೈಟಿಂಗೇಲ್ 1854ರಲ್ಲಿ ಕ್ರಿಮಿಯಾ ಯುದ್ಧದ ಗಾಯಾಳುಗಳ ಆರೈಕೆಗೆ ಸ್ಕುಟಾರಿಗೆ ಹೋದವರು. 1860ರಲ್ಲಿ ಲಂಡನ್‌ನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ನರ್ಸಿಂಗ್ ಶಾಲೆ ಶುರು ಮಾಡಿದ್ರು. ಅಲ್ಲಿ ಬೆಳೆದ ಪದ್ಧತಿಯಲ್ಲಿ ಮೂರು ಮನೆಗಳ ವಾಸನೆ ಇದೆ: ಸೈನ್ಯದ ಶಿಸ್ತು, ಕ್ರೈಸ್ತ ಸನ್ಯಾಸಿನಿಯರ ಮಠದ ವಿಧೇಯತೆ, ಇಂಗ್ಲಿಷ್ ಶ್ರೀಮಂತರ ಮನೆಯ ಸಂಸಾರ. ಡಾಕ್ಟರ್ ಮನೆಯ ಯಜಮಾನ, ಮೇಟ್ರನ್ ಮನೆ ನಡೆಸೋ ಯಜಮಾನಿ, ನರ್ಸ್‌ಗಳು ಹೇಳಿದ್ದು ಕೇಳೋ ಹೆಣ್ಣುಮಕ್ಕಳು, ಅವರ ಕೆಳಗೆ ಆಳುಗಳು. ಹೆಣ್ಣುಮಕ್ಕಳಿಗೆ ಮನೆಯಿಂದಾಚೆ ಒಂದು ಗೌರವದ ಕೆಲಸ ಕೊಟ್ಟಿದ್ದು ಈ ಪದ್ಧತಿಯ ದೊಡ್ಡ ಸಾಧನೆ, ಅದನ್ನ ಅಲ್ಲಗಳೆಯೋ ಹಾಗಿಲ್ಲ. ಆದ್ರೆ ಏಣಿಯೂ ಅದರ ಜೊತೆಗೇ ಬಂತು.

ಆ ಏಣಿ ಹಡಗಿಳಿದು ಬಂದಿದ್ದು ಎಂಥ ದೇಶಕ್ಕೆ? ಮಲ, ಮೂತ್ರ, ರಕ್ತ, ಹೆರಿಗೆ, ಹೆಣ ಇವೆಲ್ಲ ಮೈಲಿಗೆ ಅಂತ ನಂಬಿದ್ದ ದೇಶಕ್ಕೆ. ಆ ಮೈಲಿಗೆಯನ್ನ ಮುಟ್ಟೋಕೆ ಅಂತಲೇ ಕೆಲವು ಜಾತಿಗಳನ್ನ ಊರಾಚೆ ಇಟ್ಟಿದ್ದ ದೇಶಕ್ಕೆ. ದೇಶದ ಎಷ್ಟೋ ಕಡೆ ಹೆರಿಗೆ ಮಾಡಿಸಿ ಹೊಕ್ಕುಳಬಳ್ಳಿ ಕೊಯ್ಯೋ ಕೆಲಸ ನಮ್ಮ ಹೆಂಗಸರದ್ದೇ ಆಗಿತ್ತು. ಮಗು ಹುಟ್ಟೋವರೆಗೂ ಅವರ ಕೈ ಬೇಕು, ಹುಟ್ಟಿದ ಮೇಲೆ ಅದೇ ಕೈ ಮುಟ್ಟಬಾರದು. ಸೂಲಗಿತ್ತಿಯ ಕೆಲಸವನ್ನ ಒಂದು ವಿದ್ಯೆ ಅಂತ ಈ ನಾಡು ಒಪ್ಪೋಕೆ ಎಷ್ಟು ಕಾಲ ಹಿಡೀತು ನೋಡಿ. ಪಾವಗಡದ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರಿಗೆ ಪದ್ಮಶ್ರೀ ಬಂದಿದ್ದು 2018ರಲ್ಲಿ. ಅದೇ ವರ್ಷ ಡಿಸೆಂಬರ್ 25ಕ್ಕೆ ಆ ತಾಯಿ ತೀರಿಕೊಂಡ್ರು. ಒಂದು ಪೈಸೆ ಮುಟ್ಟದೆ 15 ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರು ಅಂತ ಊರೆಲ್ಲ ಹೇಳುತ್ತೆ.

ಹಾಗಾಗಿ ನರ್ಸಿಂಗ್ ಶಾಲೆಗಳು ಇಲ್ಲಿ ತೆರೆದಾಗ ಮೇಲ್ಜಾತಿ ಹಿಂದೂ ಮನೆಗಳು ಹೆಣ್ಣುಮಕ್ಕಳನ್ನ ಕಳಿಸೋಕೆ ಹಿಂದೇಟು ಹಾಕಿದ್ವು. ಬಂದವರು ಯುರೋಪಿಯನ್ನರು, ಆಂಗ್ಲೋ ಇಂಡಿಯನ್ನರು, ಕ್ರೈಸ್ತ ಹೆಣ್ಣುಮಕ್ಕಳು, ಅವರಲ್ಲಿ ನಮ್ಮ ಕೇರಿಗಳಿಂದ ಮತಾಂತರ ಆದವರೂ ಇದ್ರು. ಬೆಂಗಳೂರಲ್ಲಿ ಗುಡ್ ಶೆಫರ್ಡ್ ಸಿಸ್ಟರ್‌ಗಳು ಸೇಂಟ್ ಮಾರ್ತಾಸ್ ಆಸ್ಪತ್ರೆ ಕಟ್ಟಿದ್ದು 1886ರಲ್ಲಿ. ಮೈಸೂರಿನ ಮಿಷನ್ ಆಸ್ಪತ್ರೆ ಶುರುವಾಗಿದ್ದು 1906ರಲ್ಲಿ. ನರ್ಸನ್ನ 'ಸಿಸ್ಟರ್' ಅಂತ ನಾವು ಇವತ್ತಿಗೂ ಕರೆಯೋದರಲ್ಲಿ ಆ ಮಠದ ನೆನಪು ಉಳಿದಿದೆ.

ಇಲ್ಲಿ ಒಂದು ಹೆಸರನ್ನ ಹೇಳಲೇಬೇಕು. ಮೇ 12ರಂದು ನೈಟಿಂಗೇಲ್‌ಗೆ ದೀಪ ಹಚ್ಚೋರು ಮಾರ್ಚ್ 10ನ್ನ ಮರೀತಾರೆ. 1897ರಲ್ಲಿ ಪುಣೆಗೆ ಪ್ಲೇಗ್ ಬಂದಾಗ ಸಾವಿತ್ರಿಬಾಯಿ ಫುಲೆ, ವೈದ್ಯನಾಗಿದ್ದ ಸಾಕುಮಗ ಯಶವಂತನ ಜೊತೆ ಊರ ಹೊರಗೆ ಚಿಕಿತ್ಸಾ ಕೇಂದ್ರ ತೆರೆದ್ರು. ಮುಂಢವಾದ ಮಹಾರ್ ಕೇರಿಯಲ್ಲಿ ಪ್ಲೇಗ್ ತಗುಲಿದ್ದ ಹುಡುಗನೊಬ್ಬನನ್ನ ಬೆನ್ನ ಮೇಲೆ ಹೊತ್ತು ತಂದ್ರು. ಹುಡುಗ ಉಳಿದ, ಸಾವಿತ್ರಿಬಾಯಿ ಅದೇ ಪ್ಲೇಗ್‌ಗೆ ಮಾರ್ಚ್ 10ರಂದು ತೀರಿಕೊಂಡ್ರು. ಆ ಶುಶ್ರೂಷೆಯಲ್ಲಿ ಏಣಿ ಇರಲಿಲ್ಲ. ಯಾರನ್ನ ಯಾರು ಮುಟ್ಟಬೇಕು, ಯಾರು ಹೊರಬೇಕು ಅನ್ನೋ ಮೆಟ್ಟಿಲು ಇರಲಿಲ್ಲ. ನಾವು ವಾರಸುದಾರರಾಗಿದ್ರೆ ಆ ಪರಂಪರೆಗೆ ಆಗಬೇಕು.

ಮರುವರ್ಷ, 1898ರ ಆಗಸ್ಟ್‌ನಲ್ಲಿ ಪ್ಲೇಗ್ ಬೆಂಗಳೂರಿಗೂ ಬಂತು. ಮಹಾರಾಣಿ ಕೆಂಪನಂಜಮ್ಮಣ್ಣಿಯವರು 1897ರಲ್ಲಿ ಅಡಿಗಲ್ಲು ಹಾಕಿದ್ದ ವಿಕ್ಟೋರಿಯಾ ಆಸ್ಪತ್ರೆ 1900ರ ಡಿಸೆಂಬರ್‌ನಲ್ಲಿ ತೆರೀತು. ವಾಣಿ ವಿಲಾಸ ಬಂದಿದ್ದು 1935ರಲ್ಲಿ. ಇಂಥ ದೊಡ್ಡ ಆಸ್ಪತ್ರೆಗಳಲ್ಲಿ ಏಣಿ ಪೂರ್ತಿಯಾಗಿ ನಿಂತಿತು: ಮೇಟ್ರನ್, ಸಿಸ್ಟರ್, ಸ್ಟಾಫ್ ನರ್ಸ್, ಆಯಾ, ವಾರ್ಡ್ ಬಾಯ್, ಜಾಡಮಾಲಿ. ಕಟ್ಟಕಡೆಯ ಮೆಟ್ಟಿಲು ಯಾರದ್ದು ಅಂತ ನಿಮಗೆ ಹೇಳಬೇಕಿಲ್ಲ.

ಇಂಡಿಯಾದ ನರ್ಸ್‌ಗಳ ಮೊದಲ ದೊಡ್ಡ ಸಂಘ ಹುಟ್ಟಿದ್ದು 1905ರಲ್ಲಿ, ಲಖನೌದಲ್ಲಿ. ಅದು ಸಾಮಾನ್ಯ ನರ್ಸ್‌ಗಳದ್ದಾಗಿರಲಿಲ್ಲ, ಸೂಪರಿಂಟೆಂಡೆಂಟರ ಸಂಘ! ಟ್ರೈನ್ಡ್ ನರ್ಸಸ್ ಅಸೋಸಿಯೇಷನ್ ಬಂದಿದ್ದು ಆಮೇಲೆ, 1908ರಲ್ಲಿ. 1922ರಲ್ಲಿ ಎರಡೂ ಒಂದಾದ್ವು. ಒಂಟಿಯಾಗಿ ಮೇಲೆ ಕೂತವರಿಗೂ ಒಬ್ಬರಿಗೊಬ್ಬರು ಬೇಕಾಗುತ್ತೆ ಅನ್ನೋದು ನೂರಿಪ್ಪತ್ತು ವರ್ಷದ ಹಿಂದೆಯೇ ಆ ಹೆಂಗಸರಿಗೆ ಗೊತ್ತಿತ್ತು. ಇವತ್ತಿನ ನರ್ಸಿಂಗ್ ಹೋಮ್‌ನ ಇನ್‌ಚಾರ್ಜ್‌ಗೆ ಅಂಥದ್ದೊಂದು ಸಂಘದ ಬಾಗಿಲು ಎಲ್ಲಿದೆ ಅಂತಲೂ ಗೊತ್ತಿರಲ್ಲ.

1946ರಲ್ಲಿ ಭೋರ್ ಸಮಿತಿ ವರದಿ ಬಂತು. ದೇಶದಲ್ಲಿ 43 ಸಾವಿರ ಜನಕ್ಕೆ ಒಬ್ಬ ನರ್ಸ್ ಇದ್ದಾರೆ ಅಂತ ಅದು ಲೆಕ್ಕ ಹಾಕಿತು. 1947ರಲ್ಲಿ ಇಂಡಿಯನ್ ನರ್ಸಿಂಗ್ ಕೌನ್ಸಿಲ್ ಕಾಯ್ದೆ ಆಯ್ತು. ಬೋಧನಾ ಆಸ್ಪತ್ರೆಯಲ್ಲಿ 3 ಹಾಸಿಗೆಗೆ ಒಬ್ಬರು, ಸಾಮಾನ್ಯ ಆಸ್ಪತ್ರೆಯಲ್ಲಿ 5 ಹಾಸಿಗೆಗೆ ಒಬ್ಬರು, ರಜೆಗೆ ಅಂತ ಇನ್ನೂ 30 ಪರ್ಸೆಂಟ್ ಅಂತ ಕೌನ್ಸಿಲ್ ಮಾನದಂಡ ಮಾಡಿದೆ. ನಿಮ್ಮ ಮನೆ ಹತ್ತಿರದ ಆಸ್ಪತ್ರೆಯಲ್ಲಿ ರಾತ್ರಿ ಹನ್ನೊಂದು ಗಂಟೆಗೆ ಹೋಗಿ ಎಣಿಸಿ ನೋಡಿ.

ಇನ್ನು ಬಾಬಾಸಾಹೇಬರ ವಿಷಯ. ಸಂವಿಧಾನದ ಬಗ್ಗೆ ನಾವು ಮಾತಾಡಿದಷ್ಟು ಅವರ ಕಾರ್ಮಿಕ ಖಾತೆಯ ಬಗ್ಗೆ ಮಾತಾಡಲ್ಲ. 1928ರಲ್ಲೇ ಬಾಂಬೆ ಶಾಸನ ಪರಿಷತ್ತಿನಲ್ಲಿ ಹೆರಿಗೆ ಸೌಲಭ್ಯದ ಮಸೂದೆ ಪರವಾಗಿ ನಿಂತವರು ಅವರು. 1942ರಿಂದ 1946ರವರೆಗೆ ವೈಸ್‌ರಾಯ್ ಕಾರ್ಯಕಾರಿ ಮಂಡಳಿಯಲ್ಲಿ ಕಾರ್ಮಿಕ ಸದಸ್ಯರಾಗಿದ್ರು. ಕಾರ್ಖಾನೆಗಳಲ್ಲಿ ವಾರಕ್ಕೆ 54 ಗಂಟೆ ಇದ್ದ ದುಡಿಮೆ 1946ರ ತಿದ್ದುಪಡಿಯಿಂದ 48 ಗಂಟೆಗೆ ಇಳೀತು, ಆ ಮಸೂದೆ ತಂದವರು ಅವರೇ. ಕಾರ್ಮಿಕರ ಆರೋಗ್ಯ ವಿಮೆಗೆ ಅಡಾರ್ಕರ್ ವರದಿ ತಯಾರಾಗಿದ್ದೂ ಅವರ ಕಾಲದಲ್ಲೇ, 1944ರಲ್ಲಿ. ಅದರಿಂದಲೇ 1948ರ ಇಎಸ್‌ಐ ಕಾಯ್ದೆ ಹುಟ್ಟಿದ್ದು. ನಮ್ಮ ಪಕ್ಕದ ರಾಜಾಜಿನಗರದ ಇಎಸ್‌ಐ ಆಸ್ಪತ್ರೆ ಮುಂದೆ ಹೋಗುವಾಗ ಇದನ್ನ ನೆನಪಿಸಿಕೊಳ್ಳಿ. ಗಾರ್ಮೆಂಟ್ಸ್‌ನ ನಮ್ಮ ಅಕ್ಕಂದಿರು ಚೀಟಿ ಹಿಡಿದು ನಿಲ್ಲೋ ಆ ಸಾಲಿನ ಹಿಂದೆ ಬಾಬಾಸಾಹೇಬರ ಬೆವರಿದೆ.

ಆದ್ರೆ ವಿಚಿತ್ರ ನೋಡಿ. ಕಾರ್ಖಾನೆ ಕೆಲಸಗಾರರಿಗೆ ಬಂದ ಗಂಟೆಯ ಲೆಕ್ಕ, ಅವರ ಆರೈಕೆ ಮಾಡೋ ನರ್ಸ್‌ನ ಡ್ಯೂಟಿ ಹತ್ತಿರ ಬಂದಾಗ ಸಡಿಲ ಆಗಿಬಿಡುತ್ತೆ. 'ಸೇವೆ' ಅನ್ನೋ ಪದ ಬಂದ ತಕ್ಷಣ ಗಡಿಯಾರ ನಿಂತುಬಿಡುತ್ತೆ. ಪೌರಕಾರ್ಮಿಕರಿಗೂ ಇದೇ ಪದ ಹೇಳಿಯೇ ಮೋಸ ಮಾಡಿದ್ದು ನಮಗೆ ಗೊತ್ತಲ್ವಾ? ನರ್ಸ್‌ಗಳ ಕೆಲಸದ ಪರಿಸ್ಥಿತಿ ಬಗ್ಗೆ ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆ 1977ರಲ್ಲೇ 149ನೇ ಒಡಂಬಡಿಕೆ ಮಾಡಿತು. ಭಾರತ ಅದನ್ನ ಇನ್ನೂ ಅನುಮೋದಿಸಿಲ್ಲ.

ಬಾಬಾಸಾಹೇಬರು ಜಾತಿಯನ್ನ ವಿವರಿಸಿದ್ದು ಶ್ರೇಣೀಕೃತ ಅಸಮಾನತೆ ಅಂತ. ಬರೀ ಮೇಲು ಕೀಳು ಎರಡೇ ಇದ್ದಿದ್ರೆ ಕೆಳಗಿನವರೆಲ್ಲ ಒಟ್ಟಾಗಿ ಎದ್ದು ನಿಲ್ತಿದ್ರು. ಮೆಟ್ಟಿಲು ಮೆಟ್ಟಿಲಾಗಿ ಇರೋದ್ರಿಂದ ಪ್ರತಿಯೊಬ್ಬರಿಗೂ ಮೇಲಿನಿಂದ ಒದೆ, ಕೆಳಗೆ ಒದೆಯೋಕೆ ಒಬ್ಬರು. ಆಸ್ಪತ್ರೆ ಒತ್ತಡ ಕೂಡ ಹೀಗೇ ಇಳಿಯೋದು. ಮ್ಯಾನೇಜ್‌ಮೆಂಟ್ ಖರ್ಚು ಉಳಿಸೋಕೆ ಜನ ಕಮ್ಮಿ ಮಾಡುತ್ತೆ. ಡಾಕ್ಟರ್ ಸಿಟ್ಟು ಸೂಪರಿಂಟೆಂಡೆಂಟ್ ಮೇಲೆ, ಅವರದ್ದು ಇನ್‌ಚಾರ್ಜ್ ಮೇಲೆ, ಇನ್‌ಚಾರ್ಜ್‌ದು ನೈಟ್ ಡ್ಯೂಟಿ ಹುಡುಗಿ ಮೇಲೆ, ಆ ಹುಡುಗಿದು ಗುತ್ತಿಗೆಯಲ್ಲಿರೋ ಆಯಾ ಮೇಲೆ. ಆಯಾ ಅಕ್ಕನ ಕೆಳಗೆ ಯಾರೂ ಇಲ್ಲ. ಬೆಡ್‌ಪ್ಯಾನ್ ತೊಳೆಯೋದು ತಡ ಆಯ್ತು ಅಂತ ಮೆಮೊ ಬರೋದು ಅವರಿಗೆ, ನಾಳೆಯಿಂದ ಬರಬೇಡ ಅಂತ ಗುತ್ತಿಗೆದಾರ ಹೇಳೋದೂ ಅವರಿಗೇ.

ಇದನ್ನ ನಾನೊಬ್ಬನೇ ಹೇಳ್ತಿಲ್ಲ. 1950ರ ದಶಕದ ಕೊನೆಯಲ್ಲಿ ಲಂಡನ್‌ನ ಒಂದು ಬೋಧನಾ ಆಸ್ಪತ್ರೆಯಲ್ಲಿ ಇಸಬೆಲ್ ಮೆಂಜಿಸ್ ಅನ್ನೋ ಮನೋವಿಶ್ಲೇಷಕಿ ನರ್ಸ್‌ಗಳ ಕೆಲಸವನ್ನ ಅಧ್ಯಯನ ಮಾಡಿದ್ರು. ಸಾವು ನೋವಿನ ಹತ್ತಿರ ದಿನಾ ನಿಲ್ಲೋ ಆತಂಕವನ್ನ ತಡೆಯೋಕೆ ಆಸ್ಪತ್ರೆಯೇ ಒಂದು ಗೋಡೆ ಕಟ್ಟಿಕೊಂಡಿರುತ್ತೆ ಅಂತ ಅವರು ಕಂಡುಕೊಂಡ್ರು. ರೋಗಿಯನ್ನ ಹೆಸರಿಂದ ಕರೆಯದೆ ಹಾಸಿಗೆ ನಂಬರ್‌ನಿಂದ, ಕಾಯಿಲೆಯಿಂದ ಕರೆಯೋದು. ಕೆಲಸವನ್ನ ಚೂರು ಚೂರು ಮಾಡಿ ಹಂಚೋದು. ತೀರ್ಮಾನ ಬಂದಾಗಲೆಲ್ಲ ಜವಾಬ್ದಾರಿಯನ್ನ ಮೇಲಿನವರ ತಲೆಗೆ ದಾಟಿಸೋದು. ಹೀಗೆ ಮಾಡಿದ್ರೆ ಆತಂಕ ಕಮ್ಮಿ ಆಗಲ್ಲ, ಒಳ್ಳೆ ನರ್ಸ್‌ಗಳು ಕೆಲಸ ಬಿಟ್ಟು ಹೋಗ್ತಾರೆ ಅಂತ ಅವರು 1960ರಲ್ಲಿ ಬರೆದ್ರು. ಅದನ್ನ ಓದಿದಾಗ ನನಗೆ ಅನ್ನಿಸಿದ್ದು ಇದು: ಮುಟ್ಟೋಕೆ ಹೆದರಿ ದೂರ ನಿಲ್ಲೋದನ್ನ, ಮನುಷ್ಯನಿಗೆ ಹೆಸರಿಲ್ಲದ ಹಾಗೆ ಮಾಡೋದನ್ನ ಒಂದು ವ್ಯವಸ್ಥೆಯಾಗಿ ಸಾವಿರಾರು ವರ್ಷ ನಡೆಸಿಕೊಂಡು ಬಂದ ದೇಶ ನಮ್ಮದು. ಲಂಡನ್‌ನ ಗೋಡೆಗೆ ನಮ್ಮಲ್ಲಿ ರೆಡಿಮೇಡ್ ಇಟ್ಟಿಗೆ ಸಿಕ್ಕಿತು.

ಈಗ ಏಣಿಯ ಮಧ್ಯದ ಮೆಟ್ಟಿಲಿಗೆ ನಮ್ಮವರೂ ಬಂದಿದ್ದಾರೆ. ಮೀಸಲಾತಿಯಿಂದ ನರ್ಸಿಂಗ್ ಓದಿದವರು, ಸರ್ಕಾರಿ ಆಸ್ಪತ್ರೆಗಳಲ್ಲಿ ಬಡ್ತಿ ಪಡೆದವರು. ಆ ಬಡ್ತಿಯೂ ಸುಮ್ಮನೆ ಬಂದಿದ್ದಲ್ಲ. ಬಡ್ತಿಯಿಂದ ಬಂದ ಜ್ಯೇಷ್ಠತೆ ಉಳಿಸೋ ಕರ್ನಾಟಕದ ಕಾನೂನನ್ನ ಬಿ.ಕೆ. ಪವಿತ್ರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2017ರ ಫೆಬ್ರವರಿಯಲ್ಲಿ ಹೊಡೆದುಹಾಕಿತು. ರಾಜ್ಯ ಹೊಸ ಕಾಯ್ದೆ ತಂದು, ಅದನ್ನ ಕೋರ್ಟ್ ಎತ್ತಿಹಿಡಿದಿದ್ದು 2019ರ ಮೇ 10ಕ್ಕೆ. ಆ ಎರಡು ವರ್ಷ ಎಲ್ಲ ಇಲಾಖೆಗಳಲ್ಲೂ ನಮ್ಮ ನೌಕರರು ಹಿಂಬಡ್ತಿಯ ಭಯದಲ್ಲಿ ಬದುಕಿದ್ರು. ಇನ್‌ಚಾರ್ಜ್ ಆದ ದಲಿತ ಹೆಣ್ಣುಮಗಳಿಗೆ ರೋಸ್ಟರ್ ಒತ್ತಡದ ಜೊತೆ ಇನ್ನೊಂದು ಇದೆ. 'ಕೋಟಾದಲ್ಲಿ ಬಂದವರು' ಅನ್ನೋ ಪಿಸುಮಾತು. ಬೇರೆಯವರು ತಪ್ಪು ಮಾಡಿದ್ರೆ ಅದು ಕೆಲಸದ ತಪ್ಪು, ಈಕೆ ಮಾಡಿದ್ರೆ ಅದು ಜಾತಿಯ ತಪ್ಪು. ಹಾಗಾಗಿ ಈಕೆ ರಜೆ ತಗೊಳ್ಳಲ್ಲ, ಕಷ್ಟ ಹೇಳಿಕೊಳ್ಳಲ್ಲ, ಎಲ್ಲರಿಗಿಂತ ಜಾಸ್ತಿ ಸ್ಟ್ರಿಕ್ಟ್ ಆಗ್ತಾಳೆ. ಆ ಸ್ಟ್ರಿಕ್ಟ್ ಯಾರ ಮೇಲೆ ಬೀಳುತ್ತೆ? ಅದೇ ಕೇರಿಯಿಂದ ಬಂದ ಆಯಾ ಅಕ್ಕನ ಮೇಲೆ. ನಮ್ಮ ಹೋರಾಟಕ್ಕೆ ಇದಕ್ಕಿಂತ ನೋವಿನ ಜಾಗ ಇನ್ನೊಂದಿಲ್ಲ.

ನಮ್ಮ ಏರಿಯಾದ ಬಾಡಿಗೆ ಮನೆಗಳಲ್ಲಿರೋ ಕೆಲವು ಇನ್‌ಚಾರ್ಜ್ ಅಕ್ಕಂದಿರ ಜೊತೆ ಮಾತಾಡ್ತಾ ಬಂದಿದೀನಿ. 'ಹೇಗೆ ತಡ್ಕೋತೀರಾ ಅಕ್ಕ?' ಅಂತ ಕೇಳಿದ್ರೆ ಉತ್ತರಗಳು ಹೆಚ್ಚು ಕಮ್ಮಿ ಒಂದೇ ಥರ. ಅಳೋದಿದ್ರೆ ಲಿನನ್ ರೂಮ್‌ನಲ್ಲಿ ಅತ್ತು ಮುಖ ತೊಳ್ಕೊಂಡು ಬರೋದು. ಚರ್ಚ್‌ಗೋ, ಬುದ್ಧ ವಿಹಾರಕ್ಕೋ ಹೋಗೋದು. ಮನೆಗೆ ಬಂದು ಮಕ್ಕಳ ಮೇಲೆ ರೇಗಿ ಆಮೇಲೆ ಬೇಜಾರು ಮಾಡ್ಕೊಳ್ಳೋದು. ಬೇರೆ ಆಸ್ಪತ್ರೆಯ ಇನ್‌ಚಾರ್ಜ್ ಗೆಳತಿಗೆ ಫೋನ್ ಮಾಡಿ ಅರ್ಧ ಗಂಟೆ ಬೈಯೋದು. ಈ ಕೊನೆಯದ್ದು ಮಾತ್ರ ನಿಜವಾಗಿ ಕೆಲಸ ಮಾಡುತ್ತೆ ಅಂತ ನಗ್ತಾರೆ. ಲಖನೌದ ಆ ಸೂಪರಿಂಟೆಂಡೆಂಟರು ಕಂಡುಕೊಂಡಿದ್ದೂ ಅದನ್ನೇ ಅಲ್ವಾ?

ಕೋವಿಡ್ ಕಾಲವನ್ನ ಬಿಟ್ಟು ಈ ಚರಿತ್ರೆ ಬರೆಯೋಕಾಗಲ್ಲ. 2020ರಲ್ಲಿ ವಿಕ್ಟೋರಿಯಾ ಕೋವಿಡ್ ಆಸ್ಪತ್ರೆ ಆಯ್ತು. ಆ ವರ್ಷವನ್ನ ವಿಶ್ವ ಆರೋಗ್ಯ ಸಂಸ್ಥೆ ನರ್ಸ್‌ಗಳ ವರ್ಷ ಅಂತ ಮೊದಲೇ ಘೋಷಿಸಿತ್ತು, ನೈಟಿಂಗೇಲ್ ಹುಟ್ಟಿ 200 ವರ್ಷ ಅಂತ. ನಾವು ತಟ್ಟೆ ಬಡಿದ್ವಿ, ಹೂ ಸುರಿದ್ವಿ. 2021ರ ಏಪ್ರಿಲ್‌ನಲ್ಲಿ ಸುಮನಹಳ್ಳಿ ಚಿತಾಗಾರದ ಮುಂದೆ ಆಂಬ್ಯುಲೆನ್ಸ್‌ಗಳು ಸಾಲುಗಟ್ಟಿ ನಿಂತಿದ್ದನ್ನ ನಮ್ಮ ಕಡೆಯವರು ಮರೆತಿಲ್ಲ. ಒಂದೊಂದು ಹೆಣದ ಹಿಂದೆ ಒಂದು ವಾರ್ಡ್ ಇತ್ತು. ಆ ವಾರ್ಡ್‌ನಲ್ಲಿ ಯಾವ ಹುಡುಗಿಯನ್ನ ಒಳಗೆ ಕಳಿಸೋದು ಅಂತ ರೋಸ್ಟರ್ ಬರೆದ ಒಬ್ಬ ಇನ್‌ಚಾರ್ಜ್ ಇದ್ರು. ಹೆಣ ಸುತ್ತಿ ಹೊರಗೆ ತಂದ ಗುತ್ತಿಗೆ ಕೆಲಸಗಾರರು ಇದ್ರು. ಅಲೆ ಇಳಿದ ಮೇಲೆ ಹೂವೂ ಇಲ್ಲ, ಕಾಯಂ ಕೆಲಸವೂ ಇಲ್ಲ. 2023ರ ಆರಂಭದಲ್ಲಿ ಎನ್‌ಎಚ್‌ಎಂ ಗುತ್ತಿಗೆ ನೌಕರರು ಫ್ರೀಡಂ ಪಾರ್ಕ್‌ನಲ್ಲಿ ವಾರಗಟ್ಟಲೆ ಕೂರಬೇಕಾಯ್ತು.

ಈಗ ಆಸ್ಪತ್ರೆಗಳು ಒತ್ತಡಕ್ಕೆ ಮದ್ದು ಅಂತ ಯೋಗ, ಧ್ಯಾನ, 'ಪಾಸಿಟಿವ್ ಥಿಂಕಿಂಗ್' ಕ್ಲಾಸ್ ಮಾಡಿಸ್ತವೆ. ಅದೂ ಡ್ಯೂಟಿ ಮುಗಿದ ಮೇಲೆ! ಧ್ಯಾನದ ಬಗ್ಗೆ ನನಗೆ ತಕರಾರಿಲ್ಲ, ಬುದ್ಧನ ದಾರಿ ಹಿಡಿದವರು ನಾವು. ಆದ್ರೆ ಕಮ್ಮಿ ಬಿದ್ದ 12 ಶಿಫ್ಟ್ ಧ್ಯಾನದಿಂದ ತುಂಬಲ್ಲ. ಕೆಲಸದಿಂದ ಮನುಷ್ಯ ಸುಟ್ಟುಹೋಗೋದನ್ನ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕಾಯಿಲೆ ಅಂತ ಕರೀಲಿಲ್ಲ, ಉದ್ಯೋಗಕ್ಕೆ ಸಂಬಂಧಿಸಿದ ಸ್ಥಿತಿ ಅಂತ ಕರೀತು. ಅಂದ್ರೆ ಮದ್ದು ಬೇಕಿರೋದು ಉದ್ಯೋಗದ ಜಾಗಕ್ಕೆ.

ಮದ್ದು ಏನು ಅನ್ನೋದೂ ಗೊತ್ತಿಲ್ಲದ್ದೇನಲ್ಲ. ಅಮೆರಿಕದ ಪೆನ್ಸಿಲ್ವೇನಿಯಾದ 168 ಆಸ್ಪತ್ರೆಗಳನ್ನ ನೋಡಿ ಲಿಂಡಾ ಏಕನ್ ತಂಡ 2002ರಲ್ಲಿ ಒಂದು ಅಧ್ಯಯನ ಪ್ರಕಟಿಸಿತು. ಒಬ್ಬ ನರ್ಸ್‌ಗೆ ಒಬ್ಬ ರೋಗಿ ಹೆಚ್ಚಾದ್ರೆ ಶಸ್ತ್ರಚಿಕಿತ್ಸೆ ಆದ ರೋಗಿ 30 ದಿನದೊಳಗೆ ಸಾಯೋ ಸಂಭವ 7 ಪರ್ಸೆಂಟ್ ಏರುತ್ತೆ, ನರ್ಸ್ ಬಳಲಿ ಬೆಂಡಾಗೋ ಸಂಭವ 23 ಪರ್ಸೆಂಟ್ ಏರುತ್ತೆ ಅಂತ. ಕ್ಯಾಲಿಫೋರ್ನಿಯಾ 1999ರಲ್ಲೇ ನರ್ಸ್ ಮತ್ತು ರೋಗಿಗಳ ಅನುಪಾತಕ್ಕೆ ಕಾನೂನು ಮಾಡಿ 2004ರಿಂದ ಜಾರಿ ಮಾಡಿತು. ಅಂದ್ರೆ ಇನ್‌ಚಾರ್ಜ್ ಸಿಸ್ಟರ್ ಸುಸ್ತಾಗೋದು ಅವರ ಸ್ವಂತ ವಿಷಯ ಅಲ್ಲ, ಹಾಸಿಗೆ ಮೇಲೆ ಮಲಗಿರೋ ನಿಮ್ಮ ಅವ್ವನ ಜೀವದ ವಿಷಯ.

ನಮ್ಮಲ್ಲೂ ದಾರಿ ತೆರೆದಿತ್ತು. ಟ್ರೈನ್ಡ್ ನರ್ಸಸ್ ಅಸೋಸಿಯೇಷನ್ ಹಾಕಿದ್ದ ಕೇಸಲ್ಲಿ 2016ರ ಜನವರಿ 29ಕ್ಕೆ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಕೇಂದ್ರ ಸಮಿತಿ ಮಾಡಿತು. 200ಕ್ಕಿಂತ ಹೆಚ್ಚು ಹಾಸಿಗೆ ಇರೋ ಖಾಸಗಿ ಆಸ್ಪತ್ರೆ ಸರ್ಕಾರಿ ನರ್ಸ್‌ನಷ್ಟೇ ಸಂಬಳ ಕೊಡಬೇಕು, 50ಕ್ಕಿಂತ ಕಮ್ಮಿ ಹಾಸಿಗೆ ಇದ್ರೂ ತಿಂಗಳಿಗೆ 20 ಸಾವಿರಕ್ಕೆ ಕಮ್ಮಿ ಇರಬಾರದು ಅಂತ ಸಮಿತಿ ಶಿಫಾರಸು ಮಾಡಿತು. ಜಾರಿ ಮಾಡೋದನ್ನ ರಾಜ್ಯಗಳಿಗೆ ಬಿಟ್ಟರು. ಕೇರಳದ ನರ್ಸ್‌ಗಳು 2017ರಲ್ಲಿ ಬೀದಿಗಿಳಿದ್ರು, 2018ರ ಏಪ್ರಿಲ್‌ನಲ್ಲಿ ಅಲ್ಲಿನ ಸರ್ಕಾರ 20 ಸಾವಿರದ ಕನಿಷ್ಠ ವೇತನ ಅಧಿಸೂಚನೆ ಹೊರಡಿಸಿತು. ಕೇಂದ್ರ ಸ್ಟಾಫ್ ನರ್ಸ್ ಹುದ್ದೆಗೆ 'ನರ್ಸಿಂಗ್ ಆಫೀಸರ್' ಅಂತ ಹೆಸರು ಕೊಟ್ಟಿದ್ದೂ ಆ 2016ರಲ್ಲೇ. ಹೆಸರು ಬದಲಾಯಿಸೋದು ಸುಲಭ, ದುಡ್ಡು ಖರ್ಚಾಗಲ್ಲ.

ಕೊನೆಗೆ ನಮ್ಮ ಸಂಗಾತಿಗಳಿಗೆ ನನ್ನ ಮಾತು. ಆಸ್ಪತ್ರೆಯಲ್ಲಿ ಆಯಾ ಅಕ್ಕನಿಗೆ ಜಾತಿ ಹಿಡಿದು ಯಾರಾದ್ರೂ ಬೈದ್ರೆ ಅದು ಅಟ್ರಾಸಿಟಿ, ಬೈದವರು ಎಷ್ಟೇ ಒತ್ತಡದಲ್ಲಿದ್ರೂ ಸರಿ, ಕೇಸ್ ಆಗಲೇಬೇಕು. ಒತ್ತಡ ಯಾರಿಗೂ ಮಾಫಿ ಪತ್ರ ಅಲ್ಲ. ಆದ್ರೆ ಇನ್‌ಚಾರ್ಜ್ ಮೇಲೆ ಒಂದು ಪೋಸ್ಟ್ ಹಾಕಿ ಅಲ್ಲಿಗೇ ಕೈ ತೊಳ್ಕೊಂಡ್ರೆ, ಐವರನ್ನ ಕೊಟ್ಟು ಏಳು ಜನರ ಕೆಲಸ ತೆಗೆಯೋ ಮ್ಯಾನೇಜ್‌ಮೆಂಟ್ ಖುಷಿಯಾಗಿರುತ್ತೆ. ಮೆಟ್ಟಿಲಿನವರು ಕಚ್ಚಾಡ್ತಿದ್ರೆ ಏಣಿಗೆ ಏನೂ ಆಗಲ್ಲ.

ಹಾಗಾಗಿ ನಮ್ಮ ಬೇಡಿಕೆ ಪಟ್ಟಿಯಲ್ಲಿ ಇವೂ ಇರಲಿ. ಪ್ರತಿ ಶಿಫ್ಟ್‌ಗೆ ಎಷ್ಟು ನರ್ಸ್, ಎಷ್ಟು ಆಯಾ ಅಂತ ಪ್ರತಿ ವಾರ್ಡ್ ಬಾಗಿಲಲ್ಲಿ ಬೋರ್ಡ್ ಹಾಕಬೇಕು. ರಜೆ ಲೆಕ್ಕ ಸೇರಿಸಿ ಅನುಪಾತಕ್ಕೆ ರಾಜ್ಯದ ಕಾನೂನು ಬೇಕು. ಸಾಕಷ್ಟು ಜನ ಇಲ್ಲ ಅಂತ ಇನ್‌ಚಾರ್ಜ್ ಬರೆದುಕೊಟ್ರೆ ಆಮೇಲಿನ ಜವಾಬ್ದಾರಿ ಆಡಳಿತದ್ದಾಗಬೇಕು. ಆಯಾ, ಸ್ವಚ್ಛತಾ ಕೆಲಸದಲ್ಲಿ ಗುತ್ತಿಗೆ ಹೋಗಬೇಕು. ನರ್ಸ್‌ಗಳ ಸಂಘ, ಗುತ್ತಿಗೆ ಕೆಲಸಗಾರರ ಸಂಘ ಒಂದೇ ಟೇಬಲ್‌ಗೆ ಬರಬೇಕು. ಕಷ್ಟ ಇರೋದು ಈ ಕೊನೆಯದ್ದರಲ್ಲಿ. ಇನ್‌ಚಾರ್ಜ್ ಮೇಡಂ, ಬೆಡ್‌ಪ್ಯಾನ್ ತೊಳೆಯೋ ಅಕ್ಕ ಒಂದೇ ಬೆಂಚಲ್ಲಿ ಕೂತು ಟೀ ಕುಡಿಯೋವರೆಗೂ ಆಗದ ಕೆಲಸ ಅದು.

ನಿಮಗೆ ಗೊತ್ತಿರೋ ನರ್ಸ್‌ಗಳಿಗೆ ಇವತ್ತು ಶುಭಾಶಯ ಕಳಿಸೋದಾದ್ರೆ ಜೊತೆಗೆ ಒಂದು ಪ್ರಶ್ನೆನೂ ಕಳಿಸಿ: 'ಇವತ್ತು ರಾತ್ರಿ ನಿಮ್ಮ ವಾರ್ಡ್‌ನಲ್ಲಿ ಎಷ್ಟು ಜನ ಡ್ಯೂಟಿಲಿ ಇದ್ದೀರಾ, ಎಷ್ಟು ಜನ ಇರಬೇಕಿತ್ತು?' ಬಂದ ಉತ್ತರಗಳನ್ನ ಆಸ್ಪತ್ರೆ ಹೆಸರು, ಅವರ ಹೆಸರು ಬಿಟ್ಟು ಕಾಮೆಂಟ್‌ನಲ್ಲಿ ಹಾಕಿ. ಲೆಕ್ಕ ನಮ್ಮ ಕೈಯಲ್ಲಿರಲಿ.

ಜೈ ಭೀಮ್. ಜೈ ಸಾವಿತ್ರಿ.